ತೂಕ ಹಾಕಿದ್ದಾಯಿತು, ಮಾತು ಕೇಳಿದ್ದೀರಾ?

ಈ ಹೊತ್ತಿನ ಮಾತು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಮಕ್ಕಳನ್ನು ಕುರಿತದ್ದು. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ರೇಡಿಯೋ ಹತ್ತಿರ ಕರೆಯಿರಿ. ಅವರಿಗೆ ಸಂಬಂಧಪಟ್ಟದ್ದನ್ನು ಅವರ ಬೆನ್ನ ಹಿಂದೆ ಆಡುವುದು ಸರಿಯಲ್ಲ.

ಒಂದು ಲೆಕ್ಕ ಹಾಕೋಣ. ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿದ ಮಗು ಎಷ್ಟು ಸಲ ತೂಕದ ಯಂತ್ರ ಹತ್ತುತ್ತದೆ? ಹುಟ್ಟಿದ ದಿನ ಒಂದು ಸಲ. ಆಮೇಲೆ ಅಂಗನವಾಡಿಯಲ್ಲಿ ತಿಂಗಳು ತಿಂಗಳು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ಪ್ರಕಾರ ಡಾಕ್ಟರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನಡುನಡುವೆ ಸಂಶೋಧಕರು ಬರುತ್ತಾರೆ. ತೋಳಿಗೆ ಪಟ್ಟಿ ಸುತ್ತುತ್ತಾರೆ. ಗೋಡೆಗೆ ಒರಗಿಸಿ ಎತ್ತರ ನೋಡುತ್ತಾರೆ. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಎಲ್ಲ ಕೂಡಿಸಿದರೆ 70 ಸಲವಾದರೂ ಆದೀತು.

ಇನ್ನೊಂದು ಲೆಕ್ಕ. ಅದೇ ಮಗುವನ್ನು ಕೂರಿಸಿಕೊಂಡು, ‘ನಿನಗೆ ಯಾವಾಗ ಹುಷಾರು ತಪ್ಪುತ್ತದೆ, ಯಾಕೆ ಅಂತ ನಿನಗನ್ನಿಸುತ್ತದೆ’ ಎಂದು ಎಷ್ಟು ಸಲ ಕೇಳಿದ್ದೇವೆ? ನೀವೇ ಹೇಳಿ. ಒಂದು ಕೈಯ ಬೆರಳು ಸಾಕಾಗುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಯಾರಿಗೆ ಆರೋಗ್ಯ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ಹುಡುಕುವ ಕೆಲಸದಲ್ಲಿ ಮಕ್ಕಳು ಬರೀ ತೂಕಕ್ಕೆ ನಿಂತರೆ ಸಾಲದು. ಏನನ್ನು ಹುಡುಕಬೇಕು ಎಂಬುದರಿಂದ ಹಿಡಿದು, ಏನು ಸಿಕ್ಕಿತು ಎಂಬುದರವರೆಗೆ ಅವರೂ ಜೊತೆಗಿರಬೇಕು.

ಮೊದಲು ‘ಅಸಮಾನತೆ’ ಎಂದರೆ ಏನೆಂದು ನೋಡೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳುವುದು ಹೀಗೆ. ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಸುಮಾರು 65 ಮಕ್ಕಳಿಗೆ ರಕ್ತ ಕಡಿಮೆ. ಇದು ಇಡೀ ರಾಜ್ಯದ ಸರಾಸರಿ. ಈ ಸರಾಸರಿಯೊಳಗೆ ಕೆ.ಆರ್. ನಗರದ ಕಾವೇರಿ ನಾಲೆಯ ಗದ್ದೆ ಬಯಲೂ ಇದೆ. ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಯೂ ಇದೆ. ಎರಡು ಊರಿನ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಆದರೂ ಒಂದು ಕಡೆಯ ಮಗು ಜ್ವರ ಬಂದ ದಿನವೇ ಡಾಕ್ಟರ ಮುಂದಿರುತ್ತದೆ. ಇನ್ನೊಂದು ಕಡೆಯ ಮಗು ನಾಲ್ಕನೆಯ ದಿನ. ಇದು ಹಣೆಬರಹದಿಂದ ಬಂದ ವ್ಯತ್ಯಾಸವಲ್ಲ. ಜಮೀನು, ಕೂಲಿ, ಜಾತಿ, ದಾರಿ, ಭಾಷೆ ಇವುಗಳಿಂದ ಬಂದದ್ದು. ಮನಸ್ಸು ಮಾಡಿದರೆ ತಪ್ಪಿಸಬಹುದಾದ ಇಂಥ ವ್ಯತ್ಯಾಸಕ್ಕೆ ಆರೋಗ್ಯದ ಅಸಮಾನತೆ ಎನ್ನುತ್ತೇವೆ.

ಇದನ್ನು ಅಳೆಯುವ ಕೆಲಸದಲ್ಲಿ ಮೈಸೂರು ಹಿಂದೆ ಬಿದ್ದಿಲ್ಲ. ಆ ಕಥೆ ಸ್ವಲ್ಪ ಹೇಳಬೇಕು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಹಳ್ಳಿಯ ಕಡೆ ಎಲ್ಲರೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಶುರುವಾದದ್ದು 1906ರಲ್ಲಿ. ಅಲ್ಲಿನ ಹೆರಿಗೆ ಕೋಣೆಯಲ್ಲಿ 1934ರಿಂದ ಒಂದು ಪದ್ಧತಿ ನಡೆದು ಬಂತು. ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ರಿಜಿಸ್ಟರಿನಲ್ಲಿ ಬರೆಯುವುದು. ಬರೆದಿಟ್ಟವರಿಗೆ ಅದು ಮುಂದೆ ಯಾವುದಕ್ಕೆ ಬಂದೀತೆಂಬ ಅಂದಾಜೂ ಇದ್ದಿರಲಾರದು. ಸುಮಾರು 60 ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನ ವಿಜ್ಞಾನಿಗಳು ಮತ್ತು ಮೈಸೂರಿನ ವೈದ್ಯರು ಸೇರಿ ಆ ರಿಜಿಸ್ಟರುಗಳನ್ನು ಬಿಡಿಸಿದರು. ಅವುಗಳಲ್ಲಿದ್ದ ಮಕ್ಕಳನ್ನು ಹುಡುಕಿ ಹೊರಟರು. ಮಕ್ಕಳು ಎಂದೆ. ಅಷ್ಟರಲ್ಲಿ ಅವರೆಲ್ಲ ನಡುವಯಸ್ಸಿಗೆ ಬಂದಿದ್ದರು. 500ಕ್ಕೂ ಹೆಚ್ಚು ಜನ ಸಿಕ್ಕರು. ಅವರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಹೊರಗೆ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನರಿಗೆ ಹೃದಯದ ಕಾಯಿಲೆ ಇತ್ತು. ಮೂರು ಕಿಲೋ ದಾಟಿ ಚೆನ್ನಾಗಿ ಬೆಳೆದು ಹುಟ್ಟಿದವರಲ್ಲಿ 100ಕ್ಕೆ 3 ಜನರಿಗೆ ಮಾತ್ರ.

ಯೋಚನೆ ಮಾಡಿ. ಬಸುರಿ ಹೆಂಗಸಿಗೆ ಸಿಗದ ಅನ್ನ, ಸಿಗದ ವಿಶ್ರಾಂತಿ 50 ವರ್ಷದ ನಂತರ ಮಗನ ಎದೆನೋವಾಗಿ ಕಾಣಿಸಿಕೊಳ್ಳುತ್ತದೆ. ಬಡತನ ಇಷ್ಟು ದೂರ ನಡೆಯುತ್ತದೆ ಎಂದು ಲೋಕಕ್ಕೆ ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. 800ಕ್ಕೂ ಹೆಚ್ಚು ಬಸುರಿಯರು ಸೇರಿದರು. ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಕರೆದು ನೋಡುತ್ತ ಬಂದರು. ಆ ಮಕ್ಕಳಿಗೆ ಈಗ 25 ದಾಟಿದೆ. ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕೆನಡಾ, ಚೀನಾ, ಭಾರತ, ದಕ್ಷಿಣ ಆಫ್ರಿಕಾ ನಾಲ್ಕೂ ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಬಸಿರಾಗುವ ಮೊದಲೇ ತಾಯಂದಿರ ಆರೋಗ್ಯ ಸುಧಾರಿಸಿದರೆ ಮಕ್ಕಳಿಗೆ ಏನು ಲಾಭ ಎಂಬುದು ಅದರ ಪ್ರಶ್ನೆ. ಭಾರತದ ಪಾಲಿಗೆ ಅದು ನಡೆಯುತ್ತಿರುವುದು ಮೈಸೂರಿನ ಹಳ್ಳಿಗಾಡಿನಲ್ಲಿ. ಎಚ್.ಡಿ. ಕೋಟೆಯ ಕಡೆ ಇನ್ನೊಂದು ಬಗೆಯ ಕೆಲಸ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಾಡಂಚಿನ ಹಾಡಿಗಳಲ್ಲಿ ಆಸ್ಪತ್ರೆಯನ್ನೂ ಶಾಲೆಯನ್ನೂ ನಡೆಸುತ್ತ ಬಂದಿದೆ.

ಅಂದರೆ ನಮ್ಮಲ್ಲಿ ಅಳೆಯುವವರಿಗೆ ಕೊರತೆ ಇಲ್ಲ. ತೂಕ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. 1934ರಲ್ಲಿ ಆ ಸೂಲಗಿತ್ತಿಯರು ತೂಕ ಬರೆಯದೆ ಬಿಟ್ಟಿದ್ದರೆ ನಮಗೆ ಇವತ್ತು ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ತೂಕದ ಯಂತ್ರ ‘ಎಷ್ಟು’ ಎಂಬುದನ್ನು ಹೇಳುತ್ತದೆ. ‘ಯಾಕೆ’ ಎಂಬುದನ್ನು ತಿಳಿಯಬೇಕಾದರೆ ಅದರ ಮೇಲೆ ನಿಂತವರನ್ನು ಕೇಳಬೇಕು. ಎಳೆ ಕೂಸನ್ನು ಕೇಳಲಾಗುವುದಿಲ್ಲ, ನಿಜ. ಎಂಟು ವರ್ಷದ ಹುಡುಗಿಯನ್ನು ಕೇಳಬಹುದಲ್ಲ?

ಇಲ್ಲಿಯವರೆಗೆ ಎರಡು ಮಾತಾಯಿತು. ಆರೋಗ್ಯದ ವ್ಯತ್ಯಾಸ ತಪ್ಪಿಸಬಹುದಾದದ್ದು. ಅದನ್ನು ಅಳೆಯುವುದರಲ್ಲಿ ಮೈಸೂರಿಗೆ ದೊಡ್ಡ ಅನುಭವವಿದೆ. ಇನ್ನು ಮೂರನೆಯದಕ್ಕೆ ಬರೋಣ. ದೊಡ್ಡವರಿಗೆ ಗೊತ್ತಿಲ್ಲದ್ದು ಮಕ್ಕಳಿಗೆ ಏನು ಗೊತ್ತಿರುತ್ತದೆ?

ಈ ನಾಲ್ಕೂ ತಾಲ್ಲೂಕುಗಳನ್ನು ಕಟ್ಟಿ ಹಾಕಿರುವ ಒಂದು ಬೆಳೆ ಇದೆ. ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೆಚ್ಚು. ಮಿಕ್ಕ ಎರಡರಲ್ಲೂ ಉಂಟು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಹೆಸರು ಕೇಳದವರು ಈ ಭಾಗದಲ್ಲಿ ಯಾರೂ ಇಲ್ಲ. ಬೇಸಾಯದ ಲಾಭ ನಷ್ಟ ಇವತ್ತಿನ ವಿಷಯವಲ್ಲ. ರೈತರ ಮೇಲೆ ತಪ್ಪು ಹೊರಿಸುವುದೂ ನನ್ನ ಉದ್ದೇಶವಲ್ಲ. ಸೊಪ್ಪು ಮುರಿಯುವ ಕಾಲವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ.

ಜುಲೈನಿಂದ ಸೆಪ್ಟೆಂಬರ್. ಮಳೆ ಬಿಟ್ಟೂ ಬಿಟ್ಟೂ ಹನಿಯುತ್ತಿರುತ್ತದೆ. ಬುಡದ ಎಲೆ ಮೊದಲು ಹಣ್ಣಾಗುತ್ತದೆ. ಬೆಳಗಿನ ಜಾವವೇ ಹೊಲಕ್ಕಿಳಿದು ಗಿಡಕ್ಕೆ ಎರಡು ಮೂರು ಎಲೆಯಂತೆ ಮುರಿದು ಹೊರೆ ಮಾಡುತ್ತಾರೆ. ಸೊಪ್ಪು ಹದ ಮಾಡುವ ಬ್ಯಾರನ್ ಪಕ್ಕದ ಚಪ್ಪರದ ಕೆಳಗೆ ಹೊರೆ ಬೀಳುತ್ತದೆ. ಅಲ್ಲಿ ಕೂತು ಎಲೆಯ ತೊಟ್ಟು ಜೋಡಿಸಿ ಉದ್ದದ ಕಡ್ಡಿಗೆ ದಾರದಿಂದ ಕಟ್ಟಬೇಕು. ಆ ಕೆಲಸಕ್ಕೆ ಹೆಚ್ಚು ಬಲ ಬೇಡ, ಬೆರಳು ಚುರುಕಾಗಿರಬೇಕು. ಮಕ್ಕಳ ಬೆರಳು ಚುರುಕು. ಎಲೆ ಒದ್ದೆ. ಅಂಗಿಯ ತೋಳು ಒದ್ದೆ. ಕೈಗೆ ಹತ್ತಿದ ಜಿಗುಟು ಗಂಟೆ ಕಳೆಯುವಷ್ಟರಲ್ಲಿ ಕರ್ರಗಾಗುತ್ತದೆ. ಸೋಪಿಗೆ ಸುಲಭವಾಗಿ ಬಿಡುವುದಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಬಾಯೆಲ್ಲ ಕಹಿ.

ಈಗ ವೈದ್ಯಶಾಸ್ತ್ರ ಏನು ಹೇಳುತ್ತದೆ ಕೇಳಿ. ಹಸಿ ಹೊಗೆಸೊಪ್ಪಿನಲ್ಲಿ ನಿಕೋಟಿನ್ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ. ಎಲೆ ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದಿದ್ದರೆ ಆ ನೀರಿನ ಮೂಲಕ ಚರ್ಮದೊಳಗೆ ಇಳಿಯುತ್ತದೆ. ತಲೆಸುತ್ತು, ಓಕರಿಕೆ, ವಾಂತಿ, ತಲೆನೋವು, ಸುಸ್ತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹಸಿರು ತಂಬಾಕು ಕಾಯಿಲೆ ಎಂದು ಇದಕ್ಕೆ ಹೆಸರು. ಮೈ ಚಿಕ್ಕದಾದಷ್ಟೂ ಪೆಟ್ಟು ಜೋರು. ನಮ್ಮ ಭಾಗದಲ್ಲಿ ಸೊಪ್ಪು ಮುರಿಯುವ ಕಾಲ, ಮಳೆಗಾಲ, ಶಾಲೆಯ ಮೊದಲ ಅವಧಿ ಮೂರೂ ಒಂದರ ಮೇಲೊಂದು ಬರುತ್ತವೆ ಎಂಬುದನ್ನು ಗಮನಿಸಿ.

ಒಬ್ಬ ಸಮೀಕ್ಷಕ ಪ್ರಶ್ನಾವಳಿ ಹಿಡಿದು ಮನೆಗೆ ಬಂದ ಎನ್ನಿ. ‘ನಿಮ್ಮ ಮನೆಯಲ್ಲಿ ದುಡಿಯುವ ಮಕ್ಕಳಿದ್ದಾರೆಯೇ?’ ಎಂದು ಕೇಳುತ್ತಾನೆ. ತಾಯಿ, ‘ಇಲ್ಲ ಸಾರ್, ನಮ್ಮುಡ್ಗಿ ಇಸ್ಕೂಲ್ಗೋಯ್ತದೆ’ ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಮನೆಯ ಸೊಪ್ಪಿಗೆ ಕೈ ಹಾಕುವುದು ಅವಳ ಲೆಕ್ಕದಲ್ಲಿ ದುಡಿಮೆಯೇ ಅಲ್ಲ. ಕಾನೂನೂ ಇಲ್ಲಿ ಗೊಂದಲ ಮಾಡಿಟ್ಟಿದೆ. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಜೊತೆಗೇ ಶಾಲೆ ಬಿಟ್ಟ ಮೇಲೆ, ರಜಾ ದಿನಗಳಲ್ಲಿ ಮನೆಯ ಕಸುಬಿಗೆ ನೆರವಾಗಬಹುದು ಎಂದು ಬಾಗಿಲು ತೆರೆದಿಟ್ಟಿತು. ಹೀಗಾಗಿ ಕಾಗದದ ಮೇಲೆ ‘ಇಲ್ಲ’ ಎಂದು ಬೀಳುತ್ತದೆ. ಅದೇ ವಾರ ಆ ಹುಡುಗಿ ವಾಂತಿ ಮಾಡಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದರೆ ಅಲ್ಲಿ ‘ಹೊಟ್ಟೆ ತೊಂದರೆ’ ಎಂದು ಬರೆಯುತ್ತಾರೆ. ಎರಡು ಕಾಗದ, ಎರಡು ಇಲಾಖೆ. ನಡುವಿನ ಕೊಂಡಿ ಗೊತ್ತಿರುವುದು ಆ ಹುಡುಗಿಗೆ ಮಾತ್ರ.

ಅದೇ ಹುಡುಗಿಗೆ ಒಂದು ಸೀಮೆಸುಣ್ಣ ಕೊಡಿ. ನೆಲದ ಮೇಲೆ ದೊಡ್ಡ ಗಡಿಯಾರ ಬರೆಯಲಿ. ಹಿಂದಿನ ದಿನ ಯಾವ ಗಂಟೆಯಲ್ಲಿ ಏನು ಮಾಡಿದಳೋ ಅಲ್ಲಿ ಒಂದೊಂದು ಗುರುತು ಇಡಲಿ. ಎದ್ದದ್ದು ಎಷ್ಟಕ್ಕೆ, ಕಡ್ಡಿ ಕಟ್ಟಿದ್ದು ಎಷ್ಟು ಹೊತ್ತು, ಉಂಡದ್ದು ಯಾವಾಗ, ತಲೆ ಸುತ್ತಿದ್ದು ಯಾವಾಗ. ಪಕ್ಕದಲ್ಲಿ ಅವಳ ಗೆಳತಿಯ ಗಡಿಯಾರ ಇರಲಿ. ಒಬ್ಬಳ ಅಪ್ಪನಿಗೆ ಬ್ಯಾರನ್ ಇದೆ. ಇನ್ನೊಬ್ಬಳ ಅಪ್ಪ ಅಲ್ಲಿ ಕೂಲಿ. ಮೂರನೆಯವಳು ಹುಣಸೂರಿನ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗುತ್ತಾಳೆ. ಮೂರು ಗಡಿಯಾರ ಒಟ್ಟಿಗೆ ಇಟ್ಟರೆ ಅಸಮಾನತೆ ನೆಲದ ಮೇಲೆಯೇ ಬರೆದಿರುತ್ತದೆ. ಯಾವ ಪದವೀಧರನೂ ಬಂದು ವಿವರಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಮಕ್ಕಳು ಅಲ್ಲಿಂದ ಹೊಸ ಪ್ರಶ್ನೆಯನ್ನೇ ಎತ್ತುತ್ತಾರೆ. ಮಳೆ ಬಂದ ಮರುದಿನ ಶಾಲೆಗೆ ಎಷ್ಟು ಜನ ಬರಲಿಲ್ಲ? ಹಾಜರಿ ಪುಸ್ತಕದಲ್ಲಿ ಅದು ಇದೆಯಲ್ಲ, ನೋಡಬಹುದಲ್ಲ? ಇದು ನಿಜವಾದ ಸಂಶೋಧನೆಯ ಪ್ರಶ್ನೆ. ದೊಡ್ಡ ವಿಶ್ವವಿದ್ಯಾಲಯದವರಿಗೂ ಇದಕ್ಕಿಂತ ಚೆನ್ನಾಗಿ ಕೇಳಲು ಬಾರದು.

ಹೊಗೆಸೊಪ್ಪಿನ ಮಾತು ಸ್ವಲ್ಪ ಉದ್ದವಾಯಿತು. ಅದರಿಂದ ಹಿಡಿದುಕೊಳ್ಳಬೇಕಾದ್ದು ಒಂದೇ. ಕಾರಣ ಎಲ್ಲಿದೆಯೋ ಅಲ್ಲಿ ಮಕ್ಕಳು ಇರುತ್ತಾರೆ, ಸಮೀಕ್ಷಕ ಇರುವುದಿಲ್ಲ. ಹಾಡಿಯ ಕಡೆ ಹೋದರೆ ಇದು ಇನ್ನೂ ಸ್ಪಷ್ಟ.

ನಾಗರಹೊಳೆ ಅರಣ್ಯ, ಕಬಿನಿ ಅಣೆಕಟ್ಟು ಇವೆರಡರಿಂದ ಜಾಗ ಬಿಟ್ಟು ಬಂದವರ ಹಾಡಿಗಳು ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದಲ್ಲಿ ಹರಡಿವೆ. ಜೇನುಕುರುಬರು, ಕಾಡುಕುರುಬರು, ಯರವರು. ಹೈಕೋರ್ಟ್ ನೇಮಿಸಿದ, ಪ್ರೊಫೆಸರ್ ಮುಜಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಬಿದ್ದ ಕುಟುಂಬಗಳು ಸುಮಾರು 3,400 ಎಂದಿತು. ಈ ಮನೆಗಳಲ್ಲಿ ಅನೇಕರು ಕಾಫಿ ಕುಯ್ಲಿನ ಕಾಲಕ್ಕೆ ಕೊಡಗಿಗೆ ಹೋಗುತ್ತಾರೆ. ತೋಟದ ಲೈನ್ ಮನೆಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಮಕ್ಕಳೂ ಜೊತೆಗೆ. ಆ ತಿಂಗಳಲ್ಲಿ ಸಮೀಕ್ಷೆಯವರು ಹಾಡಿಗೆ ಬಂದರೆ ಬಾಗಿಲು ಹಾಕಿರುತ್ತದೆ. ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಯಾರ ಆರೋಗ್ಯ ಎಲ್ಲರಿಗಿಂತ ಕೆಟ್ಟಿದೆಯೋ ಅವರೇ ಲೆಕ್ಕದಿಂದ ಬಿಟ್ಟು ಹೋಗುತ್ತಾರೆ. ಯಾವ ಮನೆ ಯಾವಾಗ ಖಾಲಿ, ಯಾವ ಮಗು ಯಾರ ಜೊತೆ ಉಳಿಯಿತು, ಲೈನ್ ಮನೆಯಲ್ಲಿ ಕುಡಿಯುವ ನೀರು ಎಲ್ಲಿಂದ, ಆನೆ ಬರುವ ದಾರಿ ಯಾವುದು, ಸಂಜೆಯ ಮೇಲೆ ಆಸ್ಪತ್ರೆಗೆ ಹೋಗಲು ಯಾಕಾಗುವುದಿಲ್ಲ – ಇದೆಲ್ಲ ಹಾಡಿಯ ಹತ್ತು ವರ್ಷದ ಹುಡುಗನಿಗೆ ಬಾಯಿಪಾಠ. ಅವನ ಮನೆಮಾತಿನಲ್ಲಿ ಕೇಳಬೇಕು. ಪೇಟೆಯ ಕನ್ನಡದಲ್ಲಿ, ಫಾರ್ಮ್ ನೋಡಿಕೊಂಡು ಕೇಳಿದರೆ ಅವನು ತಲೆ ತಗ್ಗಿಸಿ ‘ಊಂ’ ಎನ್ನುತ್ತಾನೆ. ಅದನ್ನು ‘ಹೌದು’ ಎಂದು ಬರೆದುಕೊಳ್ಳುವವರಿದ್ದಾರೆ.

ಇದೆಲ್ಲ ಮಾತಿಗೆ ಚೆಂದ, ಆಗುವ ಹೋಗುವ ಕೆಲಸವೇ ಎಂದು ನೀವು ಕೇಳಬಹುದು. ಆಗಿದೆ. 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಮಾರ್ಲಿ ಎಂಬ ಮಕ್ಕಳ ವೈದ್ಯರು ತಮ್ಮ ಜೊತೆಯವರೊಂದಿಗೆ ‘ಮಗುವಿನಿಂದ ಮಗುವಿಗೆ’ ಎಂಬ ಚಳವಳಿ ಶುರು ಮಾಡಿದರು. ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತು ತಿರುಗುವ ದೊಡ್ಡ ಮಕ್ಕಳಿಗೇ ಕಾಯಿಲೆಯ ವಿಷಯ ಗೊತ್ತಿರಬೇಕು, ಅವರೇ ಊರಿನ ಆರೋಗ್ಯ ನೋಡಿ ತಿಳಿಯಬೇಕು ಎಂಬುದು ಅದರ ತಿರುಳು. ಅದು ಹಲವು ದೇಶಗಳಿಗೆ ಹಬ್ಬಿತು. ಮುಂಬಯಿಯ ಮಾಲ್ವಣಿ ಬಡಾವಣೆಗೂ ಬಂತು. ದೂರ ಯಾಕೆ, ನಮ್ಮ ಕರ್ನಾಟಕವನ್ನೇ ನೋಡಿ. 1990ರಲ್ಲಿ ದುಡಿಯುವ ಮಕ್ಕಳದೇ ಒಂದು ಸಂಘ ಹುಟ್ಟಿತು. ಭೀಮ ಸಂಘ ಎಂದು ಹೆಸರು. ಆಮೇಲೆ ಕುಂದಾಪುರದ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳು ಬಂದವು. ಮಕ್ಕಳು ತಮ್ಮ ಊರಿನ ಮಾಹಿತಿಯನ್ನು ತಾವೇ ಕಲೆಹಾಕಿದರು. ಅದನ್ನು ದೊಡ್ಡವರ ಪಂಚಾಯಿತಿ ಮುಂದೆ ಇಟ್ಟರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದು. ಈಗ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು. ಹೆಚ್ಚಿನ ಕಡೆ ಅದು ನವೆಂಬರ್ 14ರ ಸುಮಾರಿಗೆ ಸ್ವಾಗತ ಗೀತೆ, ಬಿಸ್ಕತ್ತು, ಗುಂಪು ಫೋಟೋದಲ್ಲಿ ಮುಗಿದು ಹೋಗುತ್ತದೆ ಎಂಬುದೂ ನಿಜ. ಆದರೂ ಜಾಗ ಇದೆ.

ಸರಿ. ಮಕ್ಕಳಿಗೆ ಗೊತ್ತಿದೆ ಎಂದಾಯಿತು. ಕೇಳುವ ದಾರಿಯೂ ಇದೆ ಎಂದಾಯಿತು. ಇನ್ನು ಸ್ವಲ್ಪ ಕಹಿಯಾದ ಮಾತು. ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ ಎಂದು ಹೊರಟು ಅವರಿಗೆ ಕೇಡು ಮಾಡಬಹುದು.

ಖಮ್ಮಂ ಜಿಲ್ಲೆ ಆಗ ಇನ್ನೂ ಆಂಧ್ರದಲ್ಲಿತ್ತು. ಅಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ 2009ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಲಸಿಕೆ ಹಾಕಿಸಿಕೊಂಡವರು 10ರಿಂದ 14 ವರ್ಷದ ಹೆಣ್ಣುಮಕ್ಕಳು. ಅವರಲ್ಲಿ ಬುಡಕಟ್ಟಿನವರು ಬಹಳ. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ವರದಿ ಕೊಟ್ಟಿತು. ಆಂಧ್ರದಲ್ಲಿ ನೋಡಿದ ಸುಮಾರು 9,500 ಒಪ್ಪಿಗೆ ಪತ್ರಗಳಲ್ಲಿ 2,700ಕ್ಕೂ ಹೆಚ್ಚಿನವಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ಅಪ್ಪ ಅಮ್ಮನೂ ಅಲ್ಲ, ಆ ಹುಡುಗಿಯರೂ ಅಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಲಸಿಕೆ ಒಳ್ಳೆಯ ಲಸಿಕೆ. ಇವತ್ತೂ ವೈದ್ಯರು ಅದನ್ನು ಹಾಕಿಸಿಕೊಳ್ಳಲು ಹೇಳುತ್ತಾರೆ, ಹೆದರಬೇಡಿ. ತಪ್ಪು ಇದ್ದದ್ದು ಕೇಳದೆ ಹಾಕಿದ್ದರಲ್ಲಿ.

ಎಚ್.ಡಿ. ಕೋಟೆಯಲ್ಲಿ, ಹುಣಸೂರಿನಲ್ಲಿ ಆಶ್ರಮ ಶಾಲೆಗಳಿವೆ. ಹಾಸ್ಟೆಲುಗಳಿವೆ. ಅಲ್ಲಿ ಮಕ್ಕಳು ಒಂದೇ ಕಡೆ, ಒಂದೇ ಹೊತ್ತಿಗೆ ಸಿಗುತ್ತಾರೆ. ಸಂಶೋಧಕನಿಗೆ ಇದಕ್ಕಿಂತ ಅನುಕೂಲ ಇನ್ನೇನು? ಅದಕ್ಕೇ ಅಲ್ಲಿ ಎಚ್ಚರ ಹೆಚ್ಚು ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮ ಸ್ಪಷ್ಟವಾಗಿದೆ. ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು. ಅದರ ಮೇಲೆ, 7ರಿಂದ 11 ವರ್ಷದ ಮಕ್ಕಳನ್ನು ಬಾಯಿಮಾತಿನಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. 12ರಿಂದ 18ರವರೆಗೆ ಮಗುವಿನಿಂದ ಬರವಣಿಗೆಯಲ್ಲಿ ಪಡೆಯಬೇಕು. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ 1989ರದು. ಭಾರತ ಅದನ್ನು ಒಪ್ಪಿದ್ದು 1992ರಲ್ಲಿ. ಮಗುವಿಗೆ ಸಂಬಂಧಿಸಿದ ಎಲ್ಲದರಲ್ಲೂ ಅದರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದು ಅದರ 12ನೆಯ ವಿಧಿ ಹೇಳುತ್ತದೆ. ಕಾಗದದಲ್ಲಿ ಎಲ್ಲ ಇದೆ. ಜಗಲಿಯ ಮೇಲೆ ಹೇಗೆ ನಡೆಯಬೇಕು? ಹೀಗೆ ನಡೆದರೆ ಚೆಂದ.

ಅಕ್ಕ ಒಬ್ಬಳು ನೆಲದ ಮೇಲೇ ಕೂರುತ್ತಾಳೆ. ‘ಪುಟ್ಟಿ, ನಿನ್ನ ಬೆರಳಿನಿಂದ ಒಂದು ತೊಟ್ಟು ರಕ್ತ ತಗೋಬೇಕು ಅಂತಿದ್ದೀವಿ. ಇರುವೆ ಕಚ್ಚಿದಷ್ಟು ನೋಯುತ್ತೆ.’

‘ಯಾಕಕ್ಕ?’

‘ರಕ್ತ ಕಡಿಮೆ ಐತಾ ಅಂತ ನೋಡೋಕೆ. ಕಡಿಮೆ ಇದ್ರೆ ನಿಂಗೂ ನಿಮ್ಮವ್ವಂಗೂ ಹೇಳ್ತೀನಿ.’

‘ಮೇಷ್ಟ್ರು ಬೈತಾರಾ, ಬ್ಯಾಡ ಅಂದ್ರೆ?’

‘ಬೈಯಲ್ಲ. ಬೇಡ ಅಂದ್ರೆ ನಾನು ಮೇಷ್ಟ್ರಿಗೆ ಹೇಳೋದೂ ಇಲ್ಲ.’

‘ಹಂಗಾರೆ ಬ್ಯಾಡ.’

‘ಆಯ್ತು, ಆಟ ಆಡ್ಕೋ ಹೋಗು.’

ಕೊನೆಯ ಮಾತನ್ನು ಗಮನಿಸಿದಿರಾ? ಅಕ್ಕ ಪುಸಲಾಯಿಸಲಿಲ್ಲ. ಚಾಕಲೇಟು ತೋರಿಸಲಿಲ್ಲ. ‘ಒಳ್ಳೆ ಹುಡುಗಿ ಅಲ್ವಾ ನೀನು’ ಎನ್ನಲಿಲ್ಲ. ಮಗು ಬೇಡ ಎಂದಾಗ ಬಿಡಲು ತಯಾರಿಲ್ಲದವರು ಕೇಳುವ ಶಾಸ್ತ್ರ ಮಾಡದಿರುವುದೇ ಮೇಲು. ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಕೈ ಎತ್ತಿ ಎಂದರೆ ಇಡೀ ತರಗತಿ ಕೈ ಎತ್ತುತ್ತದೆ. ಅದು ಒಪ್ಪಿಗೆಯಲ್ಲ, ಅಭ್ಯಾಸ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಮಕ್ಕಳು ಊರಿನ ನಕ್ಷೆ ಬರೆದರು ಎನ್ನಿ. ‘ಹೆದರಿಕೆಯ ಜಾಗ’ ಎಂದು ಒಂದು ಮನೆಗೆ ಗುರುತು ಹಾಕಿದರು. ಅಲ್ಲಿ ಸಾರಾಯಿ ಮಾರುತ್ತಾರೆ. ಊರು ಸಣ್ಣದು. ಸಂಜೆಯೊಳಗೆ ಸುದ್ದಿ ಆ ಮನೆಗೆ ಮುಟ್ಟುತ್ತದೆ. ಗುರುತು ಹಾಕಿದ ಹುಡುಗನ ಗತಿ ಏನು? ಸಂಶೋಧಕ ಅಷ್ಟರಲ್ಲಿ ಮೈಸೂರಿನ ಬಸ್ಸಿನಲ್ಲಿರುತ್ತಾನೆ. ಆದ್ದರಿಂದ ನಕ್ಷೆಯಲ್ಲಿ ಮನೆ ಹೆಸರು ಬೇಡ, ಮಗುವಿನ ಹೆಸರು ಬೇಡ, ಫೋಟೋ ಅಂತೂ ಬೇಡವೇ ಬೇಡ. ಇನ್ನು, ಮಗು ತನ್ನ ಮೇಲೆ ಆಗುತ್ತಿರುವ ಲೈಂಗಿಕ ದೌರ್ಜನ್ಯದ ಮಾತು ಹೇಳಿದರೆ? 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹಾಗಿರುವಾಗ ‘ನೀನು ಹೇಳಿದ್ದು ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟು ಶುರು ಮಾಡಿದರೆ ಅದು ಮೋಸವಾಗುತ್ತದೆ. ಯಾವುದನ್ನು ಗುಟ್ಟಾಗಿ ಇಡುತ್ತೇನೆ, ಯಾವುದನ್ನು ಇಡಲಾರೆ ಎಂದು ಮೊದಲೇ ಹೇಳಬೇಕು. ಮಗುವಿಗೆ ಇದು ಅರ್ಥವಾಗುತ್ತದೆ. ಅರ್ಥವಾಗುವುದಿಲ್ಲ ಎನ್ನುವುದು ದೊಡ್ಡವರ ಸೋಮಾರಿತನ.

ಮಕ್ಕಳ ಕೈಯಲ್ಲಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವ ಚಪಲವೂ ಕೆಲವರಿಗೆ ಉಂಟು. ಮನೆಮನೆಗೆ ಹೋಗಿ ಫಾರ್ಮ್ ತುಂಬಿಸಿಕೊಂಡು ಬರಲು ಕಳಿಸುವುದು. ಅದು ಸಂಶೋಧನೆಯಲ್ಲಿ ಭಾಗವಹಿಸುವುದಲ್ಲ. ಸೊಪ್ಪು ಕಟ್ಟುವ ಕೆಲಸದಿಂದ ಬಿಡಿಸಿ ಕಾಗದ ಕಟ್ಟುವ ಕೆಲಸಕ್ಕೆ ಹಾಕಿದಂತೆ, ಅಷ್ಟೆ.

ಈವರೆಗೆ ಕೇಳಿದ್ದನ್ನು ಒಮ್ಮೆ ನೆನೆದುಕೊಳ್ಳಿ. ಮಕ್ಕಳಿಗೆ ಗೊತ್ತಿದೆ, ಕೇಳುವ ದಾರಿ ಇದೆ, ಕೇಳುವುದರಲ್ಲಿ ಅಪಾಯವೂ ಇದೆ. ಉಳಿದದ್ದು ಒಂದು. ಸಿಕ್ಕ ಉತ್ತರ ಎಲ್ಲಿಗೆ ಹೋಗುತ್ತದೆ?

ಸಾಮಾನ್ಯವಾಗಿ ಅದು ಇಂಗ್ಲಿಷ್ ಪತ್ರಿಕೆಗೆ ಹೋಗುತ್ತದೆ. ಹಾಡಿಗೆ ಹಿಂತಿರುಗುವುದು ಕಡಿಮೆ. ಸಿಕಲ್ ಸೆಲ್ ಉದಾಹರಣೆ ತೆಗೆದುಕೊಳ್ಳಿ. ರಕ್ತದ ಕಣ ಕುಡುಗೋಲಿನಂತೆ ಬಾಗುವ, ತಂದೆತಾಯಿಯಿಂದ ಬರುವ ಕಾಯಿಲೆ ಇದು. ಬುಡಕಟ್ಟಿನವರಲ್ಲಿ ಹೆಚ್ಚು. 2023ರ ಜುಲೈನಲ್ಲಿ ಇದನ್ನು ತೊಲಗಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸೊನ್ನೆಯಿಂದ 40 ವರ್ಷದವರ ತಪಾಸಣೆ ಅದರ ಗುರಿ. ತಪಾಸಣೆ ಆದವರಿಗೆ ಕಾರ್ಡು ಕೊಡುತ್ತಾರೆ. 13 ವರ್ಷದ ಹುಡುಗನ ಕೈಗೆ ಕಾರ್ಡು ಬಂತು ಎನ್ನಿ. ಅವನಿಗೆ ಕಾಯಿಲೆ ಇದೆಯೋ, ಅಥವಾ ಅವನು ಬರೀ ವಾಹಕನೋ? ವಾಹಕನಾದರೆ ಓಡಬಹುದು, ಆಡಬಹುದು, ಮದುವೆಯೂ ಆಗಬಹುದು. ಹುಡುಗಿಯ ಕಾರ್ಡು ಒಮ್ಮೆ ನೋಡಿಕೊಂಡರಾಯಿತು. ಇದನ್ನು ಅವನ ಮಾತಿನಲ್ಲಿ, ಅವನಿಗೇ ಹೇಳದಿದ್ದರೆ ಆ ಕಾರ್ಡು ಊರಿನಲ್ಲಿ ‘ರೋಗದ ಮನೆ’ ಎಂಬ ಹಣೆಪಟ್ಟಿಯಾಗುತ್ತದೆ. ತಿಳಿಸಿ ಹೇಳಿದರೆ ಅದೇ ಹುಡುಗ ನಾಳೆ ತನ್ನ ತಂಗಿಯನ್ನು ತಪಾಸಣೆಗೆ ಕರೆತರುತ್ತಾನೆ.

ಫಲಿತಾಂಶ ಹಿಂತಿರುಗಿಸಲು ದುಬಾರಿ ಏರ್ಪಾಟು ಬೇಕಿಲ್ಲ. ಸರಗೂರಿನಲ್ಲಿ ‘ಜನಧ್ವನಿ’ ಸಮುದಾಯ ಬಾನುಲಿ ಇದೆ. ಶಾಲೆಯ ಕಪ್ಪು ಹಲಗೆ ಇದೆ. ಮಕ್ಕಳ ಗ್ರಾಮ ಸಭೆ ಇದೆ. ಅಧ್ಯಯನ ಮಾಡಿದವರು ಆ ಸಭೆಗೆ ಬಂದು, ‘ನಿಮ್ಮಿಂದ ಇದನ್ನು ಕೇಳಿದೆವು, ಇದು ಗೊತ್ತಾಯಿತು, ಇದು ಗೊತ್ತಾಗಲಿಲ್ಲ’ ಎಂದು ಹೇಳಲಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಲ್ಲೇ ಕೂತಿರುತ್ತಾರೆ. ಮಳೆಯ ಮರುದಿನದ ಹಾಜರಿಯ ಲೆಕ್ಕ ಮಕ್ಕಳೇ ಓದಿದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳದೆ ವಿಧಿಯಿಲ್ಲ. ನನ್ನನ್ನು ಕೇಳಿದರೆ ಆ ಸಭೆಯನ್ನು ನವೆಂಬರಿನ ಜೊತೆಗೆ ಜೂನ್ ಕೊನೆಯಲ್ಲೂ ಇನ್ನೊಮ್ಮೆ ಕರೆಯಬೇಕು. ಸೊಪ್ಪು ಮುರಿಯುವ ಮೊದಲೇ ಕೈಗವಸಿನ ಮಾತು, ಯಾವ ವಯಸ್ಸಿನವರು ಚಪ್ಪರದ ಕೆಳಗೆ ಕೂರಬಾರದು ಎಂಬ ಮಾತು ಆಗಬೇಕಲ್ಲ. ಹರಾಜು ಶುರುವಾದ ಮೇಲೆ ಆಡಿ ಏನು ಫಲ?

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಉಪಯೋಗದ ಮಾತು. ಸಂಶೋಧನೆಗೆಂದು ಯಾರಾದರೂ ನಿಮ್ಮ ಮನೆಗೆ ಬಂದರೆ ನಿಮಗೆ ಒಂದು ಮಾಹಿತಿ ಪತ್ರ ಕೊಡಬೇಕು. ಅದು ಕನ್ನಡದಲ್ಲಿರಬೇಕು. ಓದಲು ಬಾರದಿದ್ದರೆ ಓದಿ ಹೇಳಬೇಕು. ಅದರ ಒಂದು ಪ್ರತಿ ನಿಮ್ಮ ಹತ್ತಿರ ಉಳಿಯಬೇಕು. ಆ ಪತ್ರದಲ್ಲಿ, ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಯವರ ಫೋನ್ ನಂಬರ್ ಇರಬೇಕು. ಏನಾದರೂ ಸರಿಕಾಣದಿದ್ದರೆ ಆ ನಂಬರಿಗೆ ಮಾಡಿ. ನಿಮಗೆ ಸಂಕೋಚವಾದರೆ ನಿಮ್ಮ ಮಗಳ ಕೈಗೆ ಫೋನ್ ಕೊಡಿ. ಅವಳು ಮಾಡಿದರೂ ಅವರು ಎತ್ತಲೇಬೇಕು, ಉತ್ತರ ಕೊಡಲೇಬೇಕು.